ಲಕ್ಷ್ಮಣರ ನಗೆಯೂ ವೇದಾಂತವೂ
(ಸಂಘದ ಪುಸ್ತಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರ ಪುಸ್ತಕಗಳನ್ನು ಕುರಿತು ಮಾತನಾಡುತ್ತೇನೆಂದಾಗ ಸಂಘದ ಹಿರಿಯರೊಬ್ಬರು ಹುಬ್ಬೇರಿಸಿದರು. "ಏನಪ್ಪಾ, ರಾಜ್ಯೋತ್ಸವದಲ್ಲಿ ಇಂಗ್ಲಿಷ್ ಪುಸ್ತಕಗಳ ಪುರಾಣವೇ? ಅವರ ಮನೆಮಾತು ತಮಿಳು, ಉಂಡದ್ದು ಮುಂಬಯಿಯ ಅನ್ನ. ನಮ್ಮವರು ಹೇಗಾದಾರು?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉಂಡ ಅನ್ನದಿಂದ ಅಳೆಯುವುದಾದರೆ ಹೈದರಾಬಾದಿನ ಈ ಸಭೆಯಲ್ಲಿ ಕುಳಿತ ನಾವೆಲ್ಲರೂ ಎದ್ದು ಹೋಗಬೇಕಾಗುತ್ತದೆ! ಲಕ್ಷ್ಮಣರು 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಮಹಾರಾಜಾ ಕಾಲೇಜಿನಲ್ಲಿ ಓದಿದವರು. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, ‘ಕೊರವಂಜಿ’ಯನ್ನು ಹೊರಡಿಸಿದರಷ್ಟೆ. ಅದಕ್ಕೆ ಚಿತ್ರ ಬರೆದುಕೊಟ್ಟ ಕೈಗಳಲ್ಲಿ ವಿದ್ಯಾರ್ಥಿ ಲಕ್ಷ್ಮಣರದೂ ಒಂದು. ನನಗೆ ಇಷ್ಟು ಸಾಕು.

ಅವರ ಪುಸ್ತಕಗಳಲ್ಲಿ ಎಲ್ಲರೂ ಬಲ್ಲದ್ದು ‘ಯೂ ಸೆಡ್ ಇಟ್’ ಸಂಪುಟಗಳು. 1951ರಿಂದ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಬಂದ ಚಿಕ್ಕ ಚಿತ್ರಗಳ ಸಂಗ್ರಹ. ಚೌಕಳಿ ಕೋಟು, ಪಂಚೆ, ಕನ್ನಡಕ, ಬೋಳುತಲೆಯ ಬದಿಯಲ್ಲಿ ನಾಲ್ಕು ಕೂದಲು. ಕುವೆಂಪು ಅವರು ಬಳಕೆಗೆ ತಂದ ಮಾತಿನಲ್ಲಿ ಹೇಳುವುದಾದರೆ ಈತನೇ ನಮ್ಮ ಶ್ರೀಸಾಮಾನ್ಯ. ಇವನು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ದೇಶದ ಜನರನ್ನು ತೋರಿಸಲು ಲಕ್ಷ್ಮಣರು ಮೊದಮೊದಲು ಬಂಗಾಳಿ, ಪಂಜಾಬಿ, ತಮಿಳ ಎಂದು ಹಿಂಡುಹಿಂಡಾಗಿ ಬರೆಯುತ್ತಿದ್ದರಂತೆ. ಪತ್ರಿಕೆ ಅಚ್ಚಿಗೆ ಹೋಗುವ ಗಳಿಗೆ ಯಾರಿಗೂ ಕಾಯದು. ಒಬ್ಬೊಬ್ಬರನ್ನೇ ಬಿಡುತ್ತ ಬಂದಾಗ ಕೊನೆಗೆ ಉಳಿದವನು ಈತ. ನಮ್ಮ ವೇದಾಂತಿಗಳು ‘ನೇತಿ ನೇತಿ’ ಎಂದು ಕಳೆಯುತ್ತ ಹೋಗಿ ಏನನ್ನು ಕಂಡರೋ ಅದನ್ನು ಈ ಮಹಾರಾಯರು ಕೇವಲ ವೇಳೆ ಸಾಲದೆ ಕಂಡುಕೊಂಡರು!

1998ರಲ್ಲಿ ಬಂದ ಆತ್ಮಕಥೆ ‘ದಿ ಟನಲ್ ಆಫ್ ಟೈಮ್’ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ‘ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಎಂಬ ಹೆಸರಾಂತ ವ್ಯಂಗ್ಯಚಿತ್ರಕಾರನ ರುಜುವನ್ನು ಹುಡುಗ ಲಕ್ಷ್ಮಣ ಬಹುಕಾಲ ‘ಕೌ’ ಎಂದೇ ಓದಿಕೊಂಡಿದ್ದನಂತೆ. ಗುರು ಸಿಕ್ಕಿದ, ಆದರೆ ಹಸುವಾಗಿ! ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆ ‘ನಿಮ್ಮಲ್ಲಿ ಬೇಕಾದಷ್ಟು ಪ್ರತಿಭೆಯಿಲ್ಲ’ ಎಂದು ಅರ್ಜಿಯನ್ನು ತಿರುಗಿಸಿ ಕಳುಹಿಸಿತು. ವರ್ಷಗಳ ಮೇಲೆ ಅದೇ ಶಾಲೆಗೆ ಇವರು ಮುಖ್ಯ ಅತಿಥಿ. ಇದನ್ನೆಲ್ಲ ಹೇಳುವಾಗ ಸಿಟ್ಟಿಲ್ಲ, ಜಂಬವೂ ಇಲ್ಲ.

ಮತ್ತೆ ಕಾಗೆಯ ಮಾತು. ಹಸಿರೆಲೆ, ನೀಲಿ ಆಕಾಶ, ಕಂದು ಮಣ್ಣು ಇವುಗಳ ನಡುವೆ ಎದ್ದು ಕಾಣುವ ಆ ಕಪ್ಪು ಅವರನ್ನು ಬಾಲ್ಯದಲ್ಲೇ ಸೆಳೆಯಿತು; ಜೀವಮಾನವೆಲ್ಲ ಕಾಗೆ ಬರೆದರು. ನಾವು ಶ್ರಾದ್ಧದ ದಿನವಲ್ಲದೆ ಕಾಗೆಯ ಕಡೆಗೆ ನೋಡುವವರಲ್ಲ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಎರಡು ಹಕ್ಕಿಗಳ ಪ್ರಸಂಗವಿದೆ: ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ. ಲಕ್ಷ್ಮಣರ ಚಿತ್ರಗಳಲ್ಲಿ ಮಂತ್ರಿಮಹಾಶಯರು ತಿನ್ನುವ ಹಕ್ಕಿ, ಚೌಕಳಿ ಕೋಟಿನವನು ನೋಡುವ ಹಕ್ಕಿ. ಈ ಎರಡನೆಯದು ಕಾಗೆಯೇ ಇರಬೇಕೆಂದು ನನ್ನ ಅನುಮಾನ.

‘ದಿ ಹೋಟೆಲ್ ರಿವಿಯೆರಾ’ ಮೊದಲಾದ ಕಾದಂಬರಿಗಳನ್ನೂ ಬರೆದರು. ಅವುಗಳಲ್ಲಿ ಗೆರೆಯ ಬಿಗಿ ನನಗೆ ಕಾಣಲಿಲ್ಲ. ಮನೆಗೆಲಸದವರನ್ನು ಕುರಿತ ‘ಸರ್ವೆಂಟ್ಸ್ ಆಫ್ ಇಂಡಿಯಾ’ವನ್ನು ಮಾತ್ರ ಓದದೆ ಬಿಡಬೇಡಿ.

ಶ್ರೀಸಾಮಾನ್ಯ ಬಾಯಿ ತೆರೆಯುವುದಿಲ್ಲ. ಅವನು ಸುಮ್ಮನಿರುವುದರಿಂದಲೇ ಎದುರಿಗಿರುವವರ ಪೊಳ್ಳುಮಾತು ನಮಗೆ ಚೆನ್ನಾಗಿ ಕೇಳಿಸುತ್ತದೆ. ಇದು ಸಾಕ್ಷಿಯ ಮೌನ, ದೊಡ್ಡದು ಎಂದು ನಾನು ಬಹಳ ದಿನ ಹೊಗಳುತ್ತಿದ್ದೆ. ಹಲವು ವರ್ಷಗಳ ಹಿಂದೆ ಈ ಊರಿನ ಒಂದು ಕಚೇರಿಯಲ್ಲಿ, ‘ಯೂ ಸೆಡ್ ಇಟ್’ನ ಸಂಪುಟವೊಂದನ್ನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಮುಂದೆ ಮಕ್ತಲ್ ಕಡೆಯ ಮುದುಕರೊಬ್ಬರು. ಕಿಟಕಿಯ ಒಳಗಿನವರು ತೆಲುಗಿನಲ್ಲಿ ಏನೋ ಗದರಿ ಕಾಗದಗಳನ್ನು ಹಿಂದಕ್ಕೆ ತಳ್ಳಿದರು. ಮುದುಕರು ನಮ್ಮ ಕಡೆ ತಿರುಗಿ, "ಇಲ್ಲಿ ಯಾರಿಗರ ನಮ್ಮ ಮಾತು ಬರ್ತದೇನ್ರೀ?" ಎಂದು ಕೇಳಿದರು. ನನಗೆ ಬರುತ್ತಿತ್ತು. ತೆಲುಗೂ ಬರುತ್ತಿತ್ತು. ಆದರೆ ಸಾಲು ಬಿಟ್ಟರೆ ಸರದಿ ತಪ್ಪೀತು. ಪುಸ್ತಕದಿಂದ ತಲೆ ಎತ್ತಲಿಲ್ಲ. ಶ್ರೀಸಾಮಾನ್ಯನನ್ನೇ ನೋಡುತ್ತ ನಿಂತೆ. ಅವನು ಸುಮ್ಮನಿದ್ದ, ನಿಜ. ಆದರೆ ಅವನನ್ನು ಬರೆದವರು ಸುಮ್ಮನಿದ್ದವರಲ್ಲ. ಬೆಳಗಾದರೆ ಕುಂಚ ಹಿಡಿದು ಹೇಳಬೇಕಾದುದನ್ನು ಹೇಳುತ್ತಲೇ ಬಂದವರು. ಇದು ಹೊಳೆದು ನಾನು ತಲೆಯೆತ್ತುವ ವೇಳೆಗೆ ಮುದುಕರು ಹೊರಟುಹೋಗಿದ್ದರು. ಮೆಟ್ಟಿಲವರೆಗೆ ಓಡಿದೆ, ಸಿಕ್ಕಲಿಲ್ಲ. ಹಿಂದಿರುಗಿ ಬಂದಾಗ ನನ್ನ ಸರದಿಯೂ ಹೋಗಿತ್ತು.

ಆ ಸಂಪುಟವನ್ನು ನಮ್ಮ ಸಂಘದ ಪುಸ್ತಕಾಲಯಕ್ಕೆ ಕೊಟ್ಟಿದ್ದೇನೆ. ಒಳಗಿನ ಪೆನ್ಸಿಲ್ ಗುರುತುಗಳು ನನ್ನವು, ಮನ್ನಿಸಬೇಕು.