ಈಸ್ಟ್ ತಮಾಕಿಯ ಗೋದಾಮು, ನಮ್ಮ ಪಿಂಚಣಿ

(ಈಸ್ಟ್ ತಮಾಕಿಯಲ್ಲಿ ಕನ್ನಡ ಓದುಗರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭಾಂಗಣಕ್ಕೆ ಬರುವಾಗ ನಿಮ್ಮಲ್ಲಿ ಹಲವರು ಹೈಬ್ರೂಕ್ ಡ್ರೈವ್ ದಾಟಿ ಬಂದಿರುತ್ತೀರಿ. ಅಲ್ಲಿ ಕಾಣುವುದು ಉದ್ದನೆಯ ಬೂದುಬಣ್ಣದ ಗೋದಾಮುಗಳು. ಪ್ರತಿಯೊಂದರ ಮುಂದೆ ಅಂಟಿಸಿದಂತಿರುವ ಒಂದು ಗಾಜಿನ ಕಚೇರಿ. ಕೆಲಸದ ಸ್ಥಳದ ಭವಿಷ್ಯವನ್ನು ಕುರಿತ ಭಾಷಣಗಳು ಸಾಮಾನ್ಯವಾಗಿ ಆ ಗಾಜಿನ ಕಡೆಯಿಂದ ಆರಂಭವಾಗುತ್ತವೆ: ವಾರಕ್ಕೆ ಮೂರು ದಿನ ಕಚೇರಿ, ಯಾರದೂ ಅಲ್ಲದ ಮೇಜು, ಹಸಿರು ಕಟ್ಟಡ, ಒಳ್ಳೆಯ ಕಾಫಿ. ನಾನು ಹಿಂದಿನ ಗೋದಾಮಿನಿಂದ ಆರಂಭಿಸಲು ಬಯಸುತ್ತೇನೆ.

ಮೊದಲು ನೆಲದ ಮಾತು. ಇಲ್ಲಿಗೆ ಸಮೀಪದಲ್ಲೇ ಮತಂಗಿನುಯಿ ಎಂಬ ಜ್ವಾಲಾಮುಖಿ ಗುಡ್ಡವಿತ್ತು. ವಸಾಹತುಗಾರರು ಅದನ್ನು ಗ್ರೀನ್ ಮೌಂಟ್ ಎಂದು ಕರೆದರು. ಕಲ್ಲಿಗಾಗಿ ಗುಡ್ಡವನ್ನು ಅಗೆದು ಮುಗಿಸಿದರು, ಬಳಿಕ ಆ ಜಾಗಕ್ಕೆ ನಗರದ ಕಸ ಸುರಿದರು. ಹೈಬ್ರೂಕ್ ಇರುವಲ್ಲಿ ಸರ್ ವುಲ್ಫ್ ಫಿಶರ್ ಅವರ ರೇಸು ಕುದುರೆಗಳ ಸಾಕಣೆ ಕೇಂದ್ರವಿತ್ತು. ಅವರೇ 1934ರಲ್ಲಿ ಮಾರಿಸ್ ಪೇಕೆಲ್ ಜೊತೆಗೂಡಿ ಫಿಶರ್ ಅಂಡ್ ಪೇಕೆಲ್ ಕಂಪನಿಯನ್ನು ಕಟ್ಟಿದವರು. ಆ ಕಂಪನಿಯ ಕಾರ್ಖಾನೆ ಈಸ್ಟ್ ತಮಾಕಿಯ ಎಷ್ಟೋ ಕುಟುಂಬಗಳಿಗೆ ಅನ್ನವಾಗಿತ್ತು. ಬಟ್ಟೆ ಒಗೆಯುವ ಯಂತ್ರಗಳ ತಯಾರಿಕೆ ಥಾಯ್ಲೆಂಡಿಗೆ ಹೋಯಿತು. 2012ರಲ್ಲಿ ಕಂಪನಿ ಚೀನಾದ ಹಯರ್ ಪಾಲಾಯಿತು. 2016ರಲ್ಲಿ ಇಲ್ಲಿನ ಫ್ರಿಜ್ ಉತ್ಪಾದನೆಯೂ ನಿಂತಿತು. ಇಲ್ಲಿ ಎಲ್ಲವೂ ಹೀಗೇ ಆಯಿತೆಂದಲ್ಲ. ಆ ಕಂಪನಿಯಿಂದಲೇ ಬೇರೆಯಾದ ಫಿಶರ್ ಅಂಡ್ ಪೇಕೆಲ್ ಹೆಲ್ತ್‌ಕೇರ್ ಇಂದಿಗೂ ಈಸ್ಟ್ ತಮಾಕಿಯಲ್ಲಿ, ತನ್ನದೇ ನೆಲದಲ್ಲಿ, ಉಸಿರಾಟದ ಉಪಕರಣಗಳನ್ನು ತಯಾರಿಸುತ್ತಿದೆ. ಆದರೆ ಸುತ್ತಲಿನ ಬಹುಪಾಲು ನೆಲದ ತರ್ಕವೇ ಬೇರೆ. ಅಲ್ಲಿ ಕೆಲಸ ಮಾಡಿಸುವವನು ಬಾಡಿಗೆದಾರ. ನೆಲ ಗುಡ್‌ಮನ್‌ನಂತಹ ಆಸ್ತಿ ಟ್ರಸ್ಟಿನದು. ಟ್ರಸ್ಟಿನ ಯೂನಿಟ್ಟುಗಳು ಷೇರುಪೇಟೆಯಲ್ಲಿ ಮಾರಾಟಕ್ಕಿವೆ.

ಕಳೆದ ಎರಡು ದಶಕಗಳ ಮುಖ್ಯ ಬದಲಾವಣೆ ಇದೇ ಎಂಬುದು ನನ್ನ ವಾದ. ಕಟ್ಟಡವು ಕೆಲಸ ಮಾಡುವ ಜಾಗವಾಗಿ ಉಳಿದಿಲ್ಲ, ಬಾಡಿಗೆಯ ಪ್ರವಾಹವಾಗಿದೆ. ಈ ವ್ಯವಹಾರದ ವಾರ್ಷಿಕ ವರದಿಗಳನ್ನು ಓದಿದರೆ ಒಂದು ಅಳತೆ ಮತ್ತೆ ಮತ್ತೆ ಎದುರಾಗುತ್ತದೆ: ಬಾಡಿಗೆದಾರರ ಕರಾರುಗಳು ಸರಾಸರಿ ಇನ್ನೆಷ್ಟು ವರ್ಷ ಉಳಿದಿವೆ ಎಂಬುದು. ಕಟ್ಟಡದ ಬೆಲೆಯನ್ನು ಬಹುಮಟ್ಟಿಗೆ ಅದು ನಿರ್ಧರಿಸುತ್ತದೆ. ಒಳಗೆ ದುಡಿಯುವವರ ಕರಾರು ಎಷ್ಟು ತಿಂಗಳದ್ದು ಎಂಬ ಅಂಕಣ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

2020ರ ಮಾರ್ಚಿನ ಲಾಕ್‌ಡೌನ್ ಈ ವಿಭಜನೆಯನ್ನು ಬಯಲಿಗೆ ತಂದಿತು. ನಾವು, ಅಂದರೆ ಲ್ಯಾಪ್‌ಟಾಪಿನಲ್ಲಿ ದುಡಿಯುವವರು, ಮನೆಗೆ ಹೋದೆವು. ನಗರಮಧ್ಯದ ಕಚೇರಿಗಳು ಬರಿದಾದವು. ಆದರೆ ನಾವು ಮನೆಯಲ್ಲಿ ಕುಳಿತು ತರಿಸಿಕೊಂಡ ಸಾಮಾನು ಎಲ್ಲಿಂದ ಬಂತು? ಇಂತಹ ಗೋದಾಮುಗಳಿಂದ. ಅಲ್ಲಿ ಪೆಟ್ಟಿಗೆ ಎತ್ತುವವರಿಗೆ, ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಮನೆಯಿಂದ ಕೆಲಸ ಎಂಬುದು ಇರಲೇ ಇಲ್ಲ.

ಇಲ್ಲಿ ನನ್ನದೇ ಒಂದು ನಾಚಿಕೆಯ ಪ್ರಸಂಗ ಹೇಳಬೇಕು. ನಾನು ದುಡಿಯುವ ಕಡೆ ಒಂದು ವರ್ಷ ನಮ್ಮ ಕೊಠಡಿಗಳನ್ನು ತೆಗೆದು ಹಂಚಿಕೊಳ್ಳುವ ಮೇಜುಗಳನ್ನು ಹಾಕಿದರು. ಪುಸ್ತಕ ಇಡಲು ಜಾಗವಿಲ್ಲವೆಂದು ನಾನು ತಿಂಗಳುಗಟ್ಟಲೆ ಗೊಣಗಿದೆ, ಎರಡು ಮನವಿಪತ್ರ ಬರೆದೆ. ಒಂದು ಸಂಜೆ, ಓಟಾರದಿಂದ ಸ್ವಚ್ಛತೆಗೆ ಬರುತ್ತಿದ್ದ ಹಿರಿಯ ಸಮೋವನ್ ಮಹಿಳೆಯ ಬಳಿಯೂ ಗೊಣಗಿದೆ. ಆಕೆ ಸಮಾಧಾನವಾಗಿ ಕೇಳಿಸಿಕೊಂಡು, "ಎರಡು ಅಂತಸ್ತು ಬಿಟ್ಟುಕೊಟ್ಟರಲ್ಲ, ನನ್ನ ದಿನದ ಎರಡು ಗಂಟೆ ಹೋಯಿತು" ಎಂದರು. ನನ್ನ ಮನವಿಪತ್ರಗಳಲ್ಲಿ ಆಕೆಯ ಆ ಎರಡು ಗಂಟೆ ಇರಲಿಲ್ಲ.

ಈ ದೇಶದ ಕಾನೂನು ಇವರನ್ನು ಪೂರ್ತಿ ಮರೆತಿಲ್ಲ. 2000ದ ಉದ್ಯೋಗ ಸಂಬಂಧಗಳ ಕಾಯಿದೆಯ 6ಎ ಭಾಗದ ಪ್ರಕಾರ, ಗುತ್ತಿಗೆದಾರ ಬದಲಾದರೆ ಸ್ವಚ್ಛತಾ ಕೆಲಸಗಾರರು ಅದೇ ಷರತ್ತುಗಳೊಡನೆ ಹೊಸಬನ ಬಳಿಗೆ ಹೋಗಬಹುದು. ಒಳ್ಳೆಯ ಕಾನೂನು. ಆದರೆ ಅದು ಗುತ್ತಿಗೆದಾರರನ್ನು ಮಾತ್ರ ನೋಡುತ್ತದೆ. ಎಷ್ಟು ಅಂತಸ್ತು ಉಳಿಸಿಕೊಳ್ಳಬೇಕೆಂದು ಮೇಲೆ ಕುಳಿತು ತೀರ್ಮಾನಿಸುವವರನ್ನು ಮುಟ್ಟುವುದಿಲ್ಲ. ಇಡೀ ವೃತ್ತಿಗೆ ಒಂದೇ ಕನಿಷ್ಠ ಒಪ್ಪಂದ ತರಬಹುದಾಗಿದ್ದ ನ್ಯಾಯಯುತ ವೇತನ ಒಪ್ಪಂದಗಳ ಕಾಯಿದೆ 2022ರಲ್ಲಿ ಬಂತು, 2023ರ ಡಿಸೆಂಬರಿನಲ್ಲಿ ರದ್ದಾಯಿತು. ಸ್ವಚ್ಛತೆಯವರೂ ಕಾವಲಿನವರೂ ಅದರಡಿ ಅರ್ಜಿ ಹಾಕಿದ ಮೊದಲಿಗರಲ್ಲಿ ಇದ್ದರು.

ಇನ್ನು ನಮ್ಮ ಊರಿನ ಕಡೆ ನೋಡೋಣ. ಈ ಕಥೆಯ ಇನ್ನೊಂದು ತುದಿ ಅಲ್ಲಿದೆ. ನಿಮ್ಮಲ್ಲಿ ಕೆಲವರು ಇಲ್ಲಿಗೆ ಬರುವ ಮುನ್ನ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ದುಡಿದವರು. ಅದು ಇಂದು ಎಂಬೆಸಿ ಆಫೀಸ್ ಪಾರ್ಕ್ಸ್ ರೀಟ್‌ನ ಆಸ್ತಿ. 2019ರ ಏಪ್ರಿಲಿನಲ್ಲಿ ಷೇರುಪೇಟೆಗೆ ಬಂದ ಭಾರತದ ಮೊದಲ ರೀಟ್ ಅದು. ನಿಯಮದಂತೆ ರೀಟ್ ತನ್ನ ಹಂಚಬಹುದಾದ ನಗದಿನಲ್ಲಿ ಕನಿಷ್ಠ ಶೇಕಡಾ 90ನ್ನು ಹೂಡಿಕೆದಾರರಿಗೆ ಕೊಡಬೇಕು. ಇಂತಹ ಹಣಕ್ಕೆ ಹೊಸ ಹೊಸ ನೆಲ ಬೇಕು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಸುತ್ತಲಿನ 13 ಹಳ್ಳಿಗಳ 1,777 ಎಕರೆಯನ್ನು ಕೆಐಎಡಿಬಿ ಏರೋಸ್ಪೇಸ್ ಪಾರ್ಕಿಗಾಗಿ ಗುರುತಿಸಿತು. ರಾಗಿ, ದ್ರಾಕ್ಷಿ, ತರಕಾರಿ ಬೆಳೆಯುವ ನೆಲ ಅದು. ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಇಲ್ಲಿನ ಇಹುಮಾಟಾವೊ ನಿಮಗೆ ನೆನಪಾಗಬಹುದು. 1863ರಲ್ಲಿ ಮಾವೊರಿಗಳಿಂದ ಕಿತ್ತುಕೊಂಡ, 2019ರಲ್ಲಿ ಸಾವಿರಾರು ಜನ ಹೋಗಿ ಕುಳಿತ, 2020ರ ಕೊನೆಗೆ ಸರ್ಕಾರ ಕೊಂಡುಕೊಳ್ಳಬೇಕಾಗಿ ಬಂದ ನೆಲ. ಎರಡೂ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವುದು ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ.

ಈಗ ಅಹಿತಕರವಾದ ಪ್ರಶ್ನೆ. ಈ ಟ್ರಸ್ಟುಗಳ ಯೂನಿಟ್ಟುಗಳನ್ನು ಕೊಳ್ಳುವವರು ಯಾರು? ಬೇರೆ ಯಾರೋ ಬಂಡವಾಳಶಾಹಿ ಎಂದು ಹೇಳಿ ಮನೆಗೆ ಹೋಗಬಹುದಾಗಿದ್ದರೆ ಚೆನ್ನಾಗಿತ್ತು. ಆದರೆ 2007ರಿಂದ ನಮ್ಮ ಸಂಬಳದ ಒಂದು ಪಾಲು ಕಿವಿಸೇವರ್‌ಗೆ ಹೋಗುತ್ತಿದೆ, ಅನೇಕ ನಿಧಿಗಳು ಅದರಲ್ಲೊಂದು ಭಾಗವನ್ನು ಆಸ್ತಿ ಟ್ರಸ್ಟುಗಳಲ್ಲಿ ಇಡುತ್ತವೆ. (ಹೆಸರಿನಲ್ಲಿ ಕಿವಿ ಇದ್ದರೂ ಅದಕ್ಕೆ ಏನೂ ಕೇಳಿಸುವುದಿಲ್ಲ.) ಧರಣಿಗೆ ಬೆಂಬಲ ಸೂಚಿಸಿ ನಾವು ಸಹಿ ಹಾಕಿದ ಕೈಯಲ್ಲೇ, ನಮಗೆ ತಿಳಿಯದಂತೆ, ಗೋದಾಮಿನ ಬಾಡಿಗೆಯ ರಸೀದಿಯೂ ಇದೆ.

ನನ್ನ ನಿಧಿಗೆ ಕಳೆದ ವರ್ಷ ಪತ್ರ ಬರೆದೆ: ನೀವು ನನ್ನ ಹಣ ಹೂಡಿರುವ ಕಟ್ಟಡಗಳಲ್ಲಿ ಸ್ವಚ್ಛತೆಯವರಿಗೂ ಕಾವಲಿನವರಿಗೂ ಸಿಗುವ ಗಂಟೆಯ ಕೂಲಿ ಎಷ್ಟು, ಗುತ್ತಿಗೆ ಕೊಡುವಾಗ ಅದನ್ನು ಕೇಳುತ್ತಾರೆಯೇ? ಮೂರು ವಾರದ ನಂತರ ಸೌಜನ್ಯದ ಉತ್ತರ ಬಂತು. ಛಾವಣಿಯ ಸೌರಫಲಕ, ನೀರು ಉಳಿಸುವ ನಲ್ಲಿ, ಸೈಕಲ್ ನಿಲ್ಲಿಸುವ ಜಾಗ, ಎಲ್ಲದರ ವಿವರವಿತ್ತು. ಕೂಲಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಮತ್ತೆ ಬರೆದಿದ್ದೇನೆ. ಒಬ್ಬನ ಪತ್ರವನ್ನು ಕಡತದಲ್ಲಿಟ್ಟು ಮರೆಯುವುದು ಸುಲಭ. ಮುಂದಿನ ಸಭೆಗೆ ಬರುವಾಗ ನಿಮ್ಮ ನಿಮ್ಮ ನಿಧಿಯ ಹೂಡಿಕೆಗಳ ಪಟ್ಟಿಯನ್ನು ಮುದ್ರಿಸಿಕೊಂಡು ಬನ್ನಿ. ನನ್ನ ಪತ್ರದ ಕರಡನ್ನು ನಾನು ತರುತ್ತೇನೆ. ಕುಳಿತು ಒಟ್ಟಿಗೆ ಬರೆಯೋಣ.