ಗುಡ್ಡದ ನೆತ್ತಿಯಿಂದ ತೋಡಿನವರೆಗೆ
(ಶತಮಾನೋತ್ಸವದ ಅಂಗವಾಗಿ ನಮ್ಮ ಸಭಾಭವನದಲ್ಲಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ಇಗರ್ಜಿಗೆ ಅಡಿಪಾಯ ತೋಡುವುದಕ್ಕೆ ಮುಂಚೆ ಬಾವಿಯನ್ನು ತೋಡಿದರೆಂದು ವಯೋವೃದ್ಧರು ಹೇಳುತ್ತಾರೆ. ಗೋಡೆಗೆ ಮಣ್ಣು ಕಲಸಲು ನೀರು ಬೇಕಷ್ಟೆ. ಆ ಬಾವಿ ಇಂದಿಗೂ ಗುರುನಿವಾಸದ ಹಿಂಬದಿಯಲ್ಲಿದೆ. ಆದರೆ ಏಪ್ರಿಲ್ ತಿಂಗಳ ಎರಡನೆಯ ವಾರಕ್ಕೆ ಅದರ ತಳದ ಕಲ್ಲು ಕಾಣತೊಡಗುತ್ತದೆ. ಕಳೆದ ಮೂರು ಬೇಸಿಗೆಗಳಲ್ಲೂ ನಾವು ಟ್ಯಾಂಕರ್ ತರಿಸಿದ್ದೇವೆ. ಶತಮಾನೋತ್ಸವದ ಸಂಭ್ರಮದ ನಡುವೆ ಈ ವಿಷಯವನ್ನು ಎತ್ತುವುದು ಕೆಲವರಿಗೆ ಹಿತವೆನಿಸಲಾರದು. ಆದರೂ ಇಷ್ಟು ಜನ ಒಂದೆಡೆ ಕೂಡುವ ಸಂದರ್ಭ ಮತ್ತೆ ಬೇಗನೆ ಒದಗಲಾರದು.

ನಮ್ಮ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಾವಿರ ಚದರಡಿಯ ಒಂದು ಮಾಡಿನ ಮೇಲೆ ಬೀಳುವ ನೀರನ್ನೇ ಲೆಕ್ಕ ಹಾಕಿ ನೋಡಿ: ಮೂರು ಲಕ್ಷ ಲೀಟರಿಗಿಂತ ಹೆಚ್ಚು. ಐದು ಮಂದಿಯ ಸಂಸಾರವೊಂದು ಪಟ್ಟಣದವರ ಲೆಕ್ಕದಂತೆ ತಲೆಗೆ ದಿನಕ್ಕೆ 135 ಲೀಟರ್ ಬಳಸಿದರೂ ವರ್ಷಕ್ಕೆ ಎರಡೂವರೆ ಲಕ್ಷ ಲೀಟರ್ ಆಗುವುದಿಲ್ಲ. ಹೀಗಿದ್ದೂ ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟು ಇರುವ ಮಂಗಳೂರು ನಗರವು 2019ರಲ್ಲಿಯೂ 2023ರಲ್ಲಿಯೂ ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಪಡೆಯಬೇಕಾಯಿತು. ಆಕಾಶದಿಂದ ನಮಗೆ ಕೊರತೆಯಾಗಿಲ್ಲ. ಆದರೆ ಬೀಳುವ ಮಳೆಯ ನೂರರಲ್ಲಿ ಎಂಬತ್ತು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದು ಮುಗಿಯುತ್ತದೆ, ಮತ್ತು ನಮ್ಮ ನೆಲವು ಇಳಿಜಾರು. ಮುರಕಲ್ಲು ನೀರನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಬದಿಯಿಂದ ತೋಡಿಗೆ ಬಿಡುತ್ತದೆ. ತೋಡಿನ ನೀರು ಹೊಳೆಗೆ, ಹೊಳೆಯ ನೀರು ಅರಬ್ಬೀ ಸಮುದ್ರಕ್ಕೆ.

ಹಿಂದಿನವರು ಈ ಓಟಕ್ಕೆ ಹೆಜ್ಜೆ ಹೆಜ್ಜೆಗೂ ತಡೆ ಒಡ್ಡಿದ್ದರು. ಗುಡ್ಡದ ಮೇಲಿನ ತಗ್ಗುಗಳಲ್ಲಿ ಮದಕಗಳಿದ್ದವು. ಇಳಿಜಾರಿನ ಕುಮ್ಕಿ ಕಾಡುಗಳಲ್ಲಿ ತರಗೆಲೆಯ ಹಾಸು ಇತ್ತು. ಬೈಲಿನಲ್ಲಿ ಎಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಗದ್ದೆಗಳು ತಿಂಗಳುಗಟ್ಟಲೆ ನೀರನ್ನು ಹೊತ್ತು ನಿಲ್ಲುತ್ತಿದ್ದವು. ನಾವು ಗದ್ದೆಯನ್ನು ಅನ್ನದ ಲೆಕ್ಕದಲ್ಲಿ ಮಾತ್ರ ಅಳೆದೆವು. ಅದು ಕೆಳಗಿನ ಬಾವಿಗಳಿಗೆ ನೀರು ಇಂಗಿಸುವ ಕೆರೆಯೂ ಆಗಿತ್ತೆಂಬುದು ಗದ್ದೆ ಮಣ್ಣು ತುಂಬಿ ಮನೆನಿವೇಶನವಾದ ಮೇಲೆ ತಿಳಿಯಿತು. ಇನ್ನು ಕೊಳವೆ ಬಾವಿಯ ಮಾತು. ತೆರೆದ ಬಾವಿಗೆ ನೀರು ಬರುವುದು ಮುರಕಲ್ಲು ಮತ್ತು ಅದರ ಕೆಳಗಿನ ಮಣ್ಣಿನಿಂದ. ಅದು ಪ್ರತಿ ಮಳೆಗಾಲದಲ್ಲಿ ತುಂಬುತ್ತದೆ. ಕೊಳವೆ ಬಾವಿಯ ನೀರು ತಳದ ಗಟ್ಟಿಬಂಡೆಯ ಬಿರುಕುಗಳದು; ಅದು ತುಂಬುವುದು ಬಹು ನಿಧಾನ. ಮೊದಲನೆಯದು ಸಂಬಳವಾದರೆ ಎರಡನೆಯದು ಹಿರಿಯರ ಠೇವಣಿ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ, ನಾನು ಕಿರಿಯ ವಿಗಾರನಾಗಿದ್ದ ಬೇರೊಂದು ಧರ್ಮಕೇಂದ್ರದಲ್ಲಿ, ಚರ್ಚಿನ ಜಾಗದ ಮೇಲ್ಗಡೆ ಒಂದು ಮದಕವಿತ್ತು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತಿತ್ತು, ಮಳೆಗಾಲದಲ್ಲಿ ಕಪ್ಪೆಗಳ ಗದ್ದಲ. ಯುವಕರಿಗೆ ಆಟದ ಬಯಲು ಬೇಕೆಂದಾಗ ನಾನು ಅದನ್ನು ಮುಚ್ಚಿಸಿ ಸಮತಟ್ಟು ಮಾಡಿಸಿದೆ. ಉದ್ಘಾಟನೆಯ ದಿನ ನನಗೆ ಹಾರವನ್ನೂ ಹಾಕಿದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕೆಳಗಿನ ಮೂರು ಮನೆಗಳ ಬಾವಿಗಳು ಫೆಬ್ರವರಿಯಲ್ಲೇ ಬತ್ತಿದವು. ಅವರಲ್ಲಿ ಒಬ್ಬ ವಿಧವೆ ತಾಯಿ ಒಂದು ಬೆಳಿಗ್ಗೆ ಖಾಲಿ ಕೊಡವನ್ನು ಗುರುನಿವಾಸದ ಮೆಟ್ಟಿಲ ಮೇಲೆ ಇಟ್ಟು, “ಫಾದರ್, ಮೇಲೆ ಮುಚ್ಚಿದ್ದು ನಮ್ಮ ಬಾವಿಯ ಬಾಯಿ” ಎಂದರು. ಸೆಮಿನರಿಯಲ್ಲಿ ನಾನು ಏಳೆಂಟು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ್ದೆ. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬ ಪಾಠ ಅಂದು ಆ ಮೆಟ್ಟಿಲ ಮೇಲೆ ಆಯಿತು.

ಜಲಾನಯನ ಪ್ರದೇಶವೆಂದರೆ ಇದೇ. ಒಂದೇ ತೋಡಿಗೆ ನೀರು ಹರಿಸುವ ಗುಡ್ಡ, ಇಳಿಜಾರು, ಬೈಲುಗಳೆಲ್ಲ ಸೇರಿ ಒಂದು ಕುಟುಂಬ. ಅದರ ಗಡಿಯನ್ನು ಸರ್ವೇ ನಂಬರು ಗುರುತಿಸುವುದಿಲ್ಲ, ಕಂಪೌಂಡ್ ಗೋಡೆ ತಡೆಯುವುದಿಲ್ಲ, ನಮ್ಮ ಧರ್ಮಕೇಂದ್ರದ ಎಲ್ಲೆಯೂ ಅದಕ್ಕೆ ತಿಳಿಯದು. ಆದ್ದರಿಂದಲೇ ಈ ಸಭೆಗೆ ಎಲ್ಲ ಮತದ ನೆರೆಯವರನ್ನೂ ಆಹ್ವಾನಿಸಿದ್ದೇವೆ.

ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಕಾಂಡಗಳಿಂದ ಕಟ್ಟ ಹಾಕುವ ಪದ್ಧತಿ ಇಲ್ಲಿನ ಹಿರಿಯರಿಗೆಲ್ಲ ನೆನಪಿದೆ. ಮಳೆ ನಿಂತು ಹರಿವು ಇಳಿಯುತ್ತಿರುವಾಗ, ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ, ಅದನ್ನು ಹಾಕಬೇಕು. ಬೇಗ ಹಾಕಿದರೆ ಅಕಾಲ ಮಳೆ ಕೊಚ್ಚಿಕೊಂಡು ಹೋಗುತ್ತದೆ, ತಡಮಾಡಿದರೆ ತಡೆಯಲು ನೀರೇ ಇರುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಬಿಚ್ಚಬೇಕು. ಕಟ್ಟದ ಹಿಂದೆ ನಿಂತ ನೀರು ಎರಡೂ ದಡಗಳ ಬಾವಿಗಳಿಗೆ ಇಂಗುತ್ತದೆ. ಒಬ್ಬನೇ ಹಾಕಿದರೆ ಕೆಳಗಿನವನೊಡನೆ ಜಗಳ. ತೋಡಿನುದ್ದಕ್ಕೂ ಸಾಲಾಗಿ ಹಾಕಿದರೆ ಮೇಲಿನ ಕಟ್ಟದಿಂದ ಜಿನುಗಿದ್ದು ಕೆಳಗಿನ ಕಟ್ಟಕ್ಕೆ ದಕ್ಕುತ್ತದೆ. ಕಾಸರಗೋಡು ಜಿಲ್ಲೆಯ ಏತಡ್ಕದ ಕೃಷಿಕರು ಹೀಗೆ ಸಾಲುಕಟ್ಟಗಳನ್ನು ಉಳಿಸಿಕೊಂಡು ಬಂದು ಹೆಸರಾಗಿದ್ದಾರೆ.

ನಮ್ಮಲ್ಲಿ ಅದು ಏಕೆ ನಿಂತಿತು? ಪಂಪು ಬಂತು ಎನ್ನುತ್ತಾರೆ; ನಿಜ. ಆದರೆ ಇನ್ನೊಂದು ಕಾರಣವೂ ಉಂಟು. ಹಿಂದೆ ಜಮೀನುದಾರನ ಅಪ್ಪಣೆಯಾದರೆ ಗೇಣಿದಾರರೆಲ್ಲ ಕಟ್ಟದ ಕೆಲಸಕ್ಕೆ ಬರಲೇಬೇಕಿತ್ತು. 1974ರ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ದೊರೆಯಿತು. ಅದು ನ್ಯಾಯ, ನಮ್ಮ ಅನೇಕ ಕುಟುಂಬಗಳು ಅದರಿಂದಲೇ ತಲೆಯೆತ್ತಿದವು. ಅಪ್ಪಣೆ ಹೋಯಿತು, ಆದರೆ ಅದರ ಜಾಗಕ್ಕೆ ಒಪ್ಪಂದ ಬರಲಿಲ್ಲ. ಆ ಒಪ್ಪಂದವನ್ನು ನಾವೀಗ ಮಾಡಿಕೊಳ್ಳಬೇಕಾಗಿದೆ.

ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯಲ್ಲಿ (ಈಗ ಅಹಿಲ್ಯಾನಗರ) ಹಿವ್ರೆ ಬಜಾರ್ ಎಂಬ ಹಳ್ಳಿಯಿದೆ. ಅಲ್ಲಿ ಬೀಳುವುದು ವರ್ಷಕ್ಕೆ ಸುಮಾರು 400 ಮಿಲಿಮೀಟರ್. ನಮ್ಮ ಜುಲೈ ತಿಂಗಳ ಕೆಲವೇ ದಿನಗಳ ಮಳೆ. ಪೋಪಟರಾವ್ ಪವಾರರ ಮುಂದಾಳುತನದಲ್ಲಿ ಊರವರು ಗುಡ್ಡದ ಮೇಲೆ ಕಂದಕ ತೋಡಿ, ವರ್ಷ ವರ್ಷ ಬಿದ್ದ ಮಳೆಯನ್ನು ಅಳೆದು, ಮೊದಲು ಕುಡಿಯುವ ನೀರಿಗೆ ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕಂತೆ ಬೆಳೆ ನಿಶ್ಚಯಿಸುತ್ತಾರೆ. ಬೇಸಾಯಕ್ಕಾಗಿ ಕೊಳವೆ ಬಾವಿ ಕೊರೆಯುವುದನ್ನು ತಾವಾಗಿಯೇ ನಿಷೇಧಿಸಿಕೊಂಡರು. ಅದೇ ಜಿಲ್ಲೆಯಲ್ಲಿ ದುಡಿದ ಸ್ವಿಸ್ ಮೂಲದ ಯೇಸುಸಭೆಯ ಗುರು ವಂದನೀಯ ಹರ್ಮನ್ ಬಾಖರ್ ಅವರು ಜಲಾನಯನ ಕಾರ್ಯಕ್ಕೆ ಹಣದ ನೆರವು ತಂದರು. ಆದರೆ ಆ ಕಾರ್ಯಕ್ರಮದಲ್ಲಿ ಗ್ರಾಮಸ್ಥರು ಮೊದಲು ಶ್ರಮದಾನ ಮಾಡಬೇಕಿತ್ತು, ಗುಡ್ಡದಲ್ಲಿ ಮರ ಕಡಿಯುವುದನ್ನೂ ದನ ಮೇಯಲು ಬಿಡುವುದನ್ನೂ ನಿಲ್ಲಿಸಬೇಕಿತ್ತು. ನಮ್ಮ ಬಂಟ್ವಾಳ ತಾಲೂಕಿನಲ್ಲೇ ಅಮೈ ಮಹಾಲಿಂಗ ನಾಯ್ಕರು ಒಣಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ, ಹಲವು ಬರಿದಾದ ಮೇಲೂ ಬಿಡದೆ ನೀರು ಕಂಡರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಸಾಹಸಕ್ಕೆ ನಮಸ್ಕಾರ. ಆದರೆ ಒಂದು ಊರಿಗೆ ಊರೇ ಒಬ್ಬ ನಾಯ್ಕರ ಹೆಗಲನ್ನು ನಂಬಿ ಕೂರುವುದು ಸರಿಯಲ್ಲ.

ಬೈಬಲಿನಲ್ಲಿ ಇಸಾಕನು ತಂದೆ ಅಬ್ರಹಾಮನ ಕಾಲದ ಮುಚ್ಚಿಹೋದ ಬಾವಿಗಳನ್ನು ಮತ್ತೆ ತೋಡಿಸಿದ ಪ್ರಸಂಗ ತಮಗೆ ತಿಳಿದದ್ದೇ. ಎರಡು ಬಾವಿಗಳಿಗೆ ಜಗಳವಾಯಿತು, ಮೂರನೆಯದಕ್ಕೆ ಆಗಲಿಲ್ಲ. ನಾವೂ ಒಂದೆರಡು ಜಗಳಗಳಿಗೆ ಸಿದ್ಧರಾಗಿಯೇ ಇಳಿಯೋಣ.

ಈಗ ಕೆಲಸದ ಮಾತು. ಕೆಲಸ ನೆತ್ತಿಯಿಂದ ಆರಂಭವಾಗಬೇಕು, ಮತ್ತು ನೆತ್ತಿಯ ಜಾಗ ನಮ್ಮ ಚರ್ಚಿನದು. ಆದ್ದರಿಂದ ಮೊದಲ ಹಾರೆ ನಮ್ಮದೇ ಆಗಬೇಕು. ಅಲ್ಲಿ ಹೂತುಹೋಗಿರುವ ಎರಡು ಮದಕಗಳ ಹೂಳೆತ್ತಲು ಆರ್ಥಿಕ ಸಮಿತಿ ಒಪ್ಪಿದೆ. ಚರ್ಚಿನ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವ ಯೋಜನೆಯನ್ನು ಅರ್ಧಕ್ಕೆ ಇಳಿಸಿದ್ದೇವೆ. ಮಳೆಗಾಲದಲ್ಲಿ ಮದುವೆಯ ಕಾರುಗಳು ಹೂತುಕೊಳ್ಳುವುವೆಂದು ಕೆಲವರು ಮುನಿಸಿಕೊಂಡಿದ್ದಾರೆ. ತಳ್ಳಲು ಯುವಕರಿದ್ದಾರೆ. ಇಗರ್ಜಿಯ ಮಾಡಿನ ನೀರು ಇನ್ನು ರಸ್ತೆಗೆ ಹೋಗದೆ, ಮರಳು ಜಲ್ಲಿಗಳ ಸೋಸುಗುಂಡಿಯ ಮೂಲಕ ಹಳೆಯ ಬಾವಿಗೆ ಇಳಿಯುತ್ತದೆ.

ತೋಡಿನ ಕಟ್ಟಗಳು ಮಾತ್ರ ಒಬ್ಬರಿಂದಾಗುವ ಕೆಲಸವಲ್ಲ. ಯಾವ ಕಟ್ಟಕ್ಕೆ ಯಾರು ಹೊಣೆ, ಎಷ್ಟು ಆಳು, ಪಂಪು ಎಷ್ಟು ಗಂಟೆ ಎಂಬುದು ಬರವಣಿಗೆಯಲ್ಲಿ ಇರಬೇಕು, ಪಂಚಾಯತಿನ ಮುಂದೆ ಓದಿ ಒಪ್ಪಿಗೆಯಾಗಬೇಕು. ತೋಟ ಇಲ್ಲದ, ಬಾವಿಯೂ ಇಲ್ಲದ ಮನೆಗಳವರನ್ನು ಈ ಮಾತುಕತೆಯಿಂದ ಬಿಡಬಾರದು. ಟ್ಯಾಂಕರಿಗೆ ಮೊದಲು ಕಾಯುವವರು ಅವರೇ. ನಮ್ಮ ಮಕ್ಕಳು ಪ್ರತಿ ತಿಂಗಳ ಮೊದಲ ಭಾನುವಾರ ಹಗ್ಗಕ್ಕೆ ಗಂಟು ಹಾಕಿ ಇಪ್ಪತ್ತು ಬಾವಿಗಳ ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆಯಲಿದ್ದಾರೆ. ಎರಡು ಮೂರು ವರ್ಷಗಳ ಬಳಿಕ ವಾದ ಬಂದರೆ ಆ ಪುಸ್ತಕವನ್ನು ತೆರೆಯಬಹುದು.

ಬರುವ ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ಗುಡ್ಡದ ನೆತ್ತಿಯಿಂದ ತೋಡು ಹೊಳೆ ಸೇರುವಲ್ಲಿಯವರೆಗೆ ಎಲ್ಲರೂ ನಡೆದು ನೋಡುವುದೆಂದು ನಿಶ್ಚಯವಾಗಿದೆ. ಗಂಜಿಯ ವ್ಯವಸ್ಥೆ ಸಭಾಭವನದಲ್ಲಿ ಇದೆ. ಕತ್ತಿ ತನ್ನಿ, ಮುಳ್ಳುಪೊದೆ ಬೆಳೆದಿದೆ. ಹಳೆಯ ಕಟ್ಟಗಳ ಸ್ಥಳ ಬಲ್ಲ ಹಿರಿಯರನ್ನು ದಯವಿಟ್ಟು ಕರೆತನ್ನಿ. ನಡೆಯಲಾರದವರಿಗಾಗಿ ಜೀಪು ಗೊತ್ತು ಮಾಡಿದ್ದೇವೆ.