ಬಾಲೂ ತಮ್ಮನಿಗೆ ಯಾವ ಕೆಲಸ ಕೊಡೋಣ?

ರಾಜ್ಯೋತ್ಸವದ ಪೋಸ್ಟರ್‌ಗೆ ಯಾವ ಫಾಂಟ್ ಹಾಕೋದು ಅಂತ ಪ್ರತಿ ವರ್ಷ ನಮ್ಮಲ್ಲಿ ಜಗ್ಗಾಟ ನಡೆಯುತ್ತೆ. ಅದಕ್ಕೇ ಇವತ್ತು ಒಂದು ಫಾಂಟಿನ ಬಗ್ಗೆ ನಾಲ್ಕು ಮಾತು ಹೇಳ್ತೀನಿ. ಅದರ ಹೆಸರು ಬಾಲೂ ತಮ್ಮ.

ಮುಂಬೈನ ಏಕ್ ಟೈಪ್ ಸಂಸ್ಥೆಯವರು ಮಾಡಿದ್ದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಪೋಸ್ಟರ್, ಟೀ ಶರ್ಟು, ಅಂಗಡಿ ಬೋರ್ಡು, ಯಾವುದಕ್ಕೆ ಬಳಸಿದರೂ ಕಾಸು ಕೊಡಬೇಕಿಲ್ಲ. ಬಾಲೂ ಅಂದರೆ ಜಂಗಲ್ ಬುಕ್ಕಿನ ಕರಡಿ ನೆನಪಾಗುತ್ತಲ್ಲ, ಅಕ್ಷರಗಳೂ ಹಾಗೇ: ದಪ್ಪ, ಗುಂಡು, ನಡೆಯೋಕೆ ಹೊರಟ ಮಗುವಿನಂತೆ. ಒಂದೊಂದು ಲಿಪಿಗೆ ಒಂದೊಂದು ನಂಟು ಬೇರೆ. ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಗುರುಮುಖಿಗೆ ಪಾಜಿ. ಮಲಯಾಳಿಗಳಿಗೆ ಚೇಟ್ಟನ್, ಅಂದ್ರೆ ಅಣ್ಣ! ನಮಗೆ ತಮ್ಮ. ಇರಲಿ ಬಿಡಿ.

ಕನ್ನಡ ಮೊದಲೇ ದುಂಡಗಿನ ಲಿಪಿ, ಈ ವೇಷ ಅದಕ್ಕೆ ಒಪ್ಪುತ್ತೆ. ಇನ್ನೊಂದು ಅನುಕೂಲ: ಅದೇ ಫಾಂಟಿನಲ್ಲಿ ರೋಮನ್ ಅಕ್ಷರಗಳೂ ಇವೆ, ಜರ್ಮನ್ನಿನ ಎರಡು ಚುಕ್ಕಿ ಸಮೇತ. ಊರ ಹೆಸರನ್ನು ಕನ್ನಡದಲ್ಲೂ ಜರ್ಮನ್ನಲ್ಲೂ ಒಂದೇ ಧಾಟಿಯಲ್ಲಿ ಹಾಕಬಹುದು. ಮಕ್ಕಳ ಕನ್ನಡ ಕಲಿ ತರಗತಿ, ಹೋಳಿಗೆ ಮಳಿಗೆ, ಹಾಡಿನ ಸ್ಪರ್ಧೆ, ಇವುಗಳ ಶೀರ್ಷಿಕೆಗೆ ಹೇಳಿ ಮಾಡಿಸಿದ್ದು.

ಆದರೆ ನಮ್ಮ ಸಹಾಯನಿಧಿಯ ಸೂಚನೆಗೆ ಬೇಡ ಅನ್ನೋದು ನನ್ನ ವಾದ. ದ ಮತ್ತು ಧ ನಡುವೆ ಇರೋದು ಹೊಟ್ಟೆ ಸೀಳಿದ ಒಂದು ಗೀಟು ಮಾತ್ರ. ದಪ್ಪ ಅಕ್ಷರವನ್ನು ಚಿಕ್ಕದು ಮಾಡಿ ಫೋನಿಗೆ ಕಳಿಸಿದರೆ ಆ ಸೀಳು ಮುಚ್ಚಿಹೋಗುತ್ತೆ. ಧನಸಹಾಯ ದನಸಹಾಯ ಆಗುತ್ತೆ. ನಗಬಹುದು ನಾವು. ಕೆಲಸ ಕಳೆದುಕೊಂಡು, ವೀಸಾದ ದಿನ ಎಣಿಸುತ್ತಾ ಟ್ರಾಮಿನಲ್ಲಿ ನಿಂತು ಅದನ್ನು ಓದುವವರಿಗೆ ನಗು ಬರೋದಿಲ್ಲ. ಯಾವ ಕಾಗದ ಬೇಕು, ಕೊನೆಯ ದಿನ ಯಾವುದು ಅಂತ ಒಂದೇ ಸಲಕ್ಕೆ ತಿಳಿಯಬೇಕು. ಸಾಲು ಒತ್ತಿದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ, ಅದೂ ಒಂದು ಕಾಟ.

ಇಲ್ಲಿನವರನ್ನೇ ನೋಡಿ. ಕಲೋನ್‌ನ ಹಳೇ ಬ್ರೌಹೌಸ್‌ಗಳ ಬೋರ್ಡಿನಲ್ಲಿ ಹಳೇ ಕಾಲದ ಮುರುಕು ಅಕ್ಷರ ಕಾಣುತ್ತೆ. ಆ ಜಾತಿಯ ಫ್ರಾಕ್ಟೂರ್‌ನಲ್ಲಿ ಎಫ್‌ಗೂ ಉದ್ದನೆಯ ಎಸ್‌ಗೂ ಒಂದು ಪುಟ್ಟ ಅಡ್ಡಗೀಟಿನ ವ್ಯತ್ಯಾಸ, ನಮ್ಮ ದ, ಧ ಕಥೆಯೇ. 1941ರ ಜನವರಿಯಲ್ಲಿ ನಾಜಿ ಸರ್ಕಾರ ಅದನ್ನು ಕೈಬಿಟ್ಟಿತು, ಬೋರ್ಡಿನಲ್ಲಿ ಮಾತ್ರ ಉಳಿಯಿತು. ದೂರದಿಂದಲೇ ಇಲ್ಲಿ ಬಿಯರ್ ಸಿಗುತ್ತೆ ಅಂತ ಗೊತ್ತಾಗುತ್ತೆ, ಅಷ್ಟೇ ಅದರ ಕೆಲಸ. ಮನೆ ಬಾಡಿಗೆ ಕರಾರು ಆ ಅಕ್ಷರದಲ್ಲಿ ಬಂದದ್ದು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?

ಹಾಗಾಗಿ ಈ ಸಲ ಶೀರ್ಷಿಕೆಗೆ ಬಾಲೂ ತಮ್ಮ, ಒಳಗಿನ ವಿವರಕ್ಕೆ ನೋಟೊ ಸಾನ್ಸ್ ಕನ್ನಡ ಇರಲಿ. ಪೋಸ್ಟರ್ ಮಾಡುವವರು ಫಾಂಟ್ ಸೇರಿಸಿದ ಪಿಡಿಎಫನ್ನೇ ಮುದ್ರಣಕ್ಕೆ ಕಳಿಸಿ. ಇಲ್ಲಿನ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಬರೀ ಚೌಕಗಳು ಅಚ್ಚಾಗಿ ಬರುತ್ತವೆ.